ಮುಚ್ಚಳದ ಮೇಲಿನ ಕೆಂಪು: ಡೇವಿಸ್-ಬೆಸ್ಸಿ ರಿಯಾಕ್ಟರ್ ಮತ್ತು ಅದನ್ನು ಕಾಯಬೇಕಿದ್ದ ನಿಯಂತ್ರಕರು

2002ರ ಮಾರ್ಚ್ ಮೊದಲ ವಾರ. ಅಮೆರಿಕದ ಓಹಾಯೋ ರಾಜ್ಯದಲ್ಲಿ, ಈರೀ ಸರೋವರದ ದಂಡೆಯಲ್ಲಿರುವ ಡೇವಿಸ್-ಬೆಸ್ಸಿ ಪರಮಾಣು ವಿದ್ಯುತ್ ಸ್ಥಾವರದಲ್ಲಿ ದುರಸ್ತಿ ನಡೆದಿತ್ತು. ರಿಯಾಕ್ಟರಿನ ಉಕ್ಕಿನ ಮುಚ್ಚಳದ ಮೂಲಕ ಹಾದುಹೋಗುವ ನಳಿಕೆಗಳು ಒಟ್ಟು 69. ಅವುಗಳಲ್ಲಿ ಮೂರನೆಯದರಲ್ಲಿ ಬಿರುಕು ಕಂಡಿತ್ತು. ಅದನ್ನು ಸರಿಪಡಿಸಲು ಕೊರೆಯುವ ಯಂತ್ರವನ್ನು ಕೂರಿಸಿ ಕೆಲಸ ಆರಂಭಿಸಿದ್ದರು. ಕೆಲಸ ನಡುವೆ ನಿಂತಿತು. ಯಂತ್ರವನ್ನು ಹೊರತೆಗೆಯುವಾಗ ನಳಿಕೆಯೇ ಅಲುಗಾಡಿತು, ವಾಲಿ ಪಕ್ಕದ ನಳಿಕೆಯ ಚಾಚಿಗೆ (ಫ್ಲ್ಯಾಂಜ್, ಅಂದರೆ ಜೋಡಣೆಯ ಅಂಚು) ಒರಗಿ ನಿಂತಿತು.

ಸುತ್ತಲೂ ಆರೂವರೆ ಅಂಗುಲ ದಪ್ಪದ ಉಕ್ಕು ಬಿಗಿಯಾಗಿ ಹಿಡಿದುಕೊಂಡಿರಬೇಕಾದ ನಳಿಕೆ ಅದು. ಅಲುಗಾಡುತ್ತಿದೆ ಎಂದರೆ ಅಲ್ಲಿ ಉಕ್ಕು ಇಲ್ಲ ಎಂದೇ ಅರ್ಥ. ಮುಚ್ಚಳದ ಮೇಲೆ ಗಟ್ಟಿಕಟ್ಟಿದ್ದ ಬೋರಿಕ್ ಆಮ್ಲದ ರಾಶಿಯನ್ನು ತೆಗೆದು ನೋಡಿದರು. ಸುಮಾರು ಐದು ಅಂಗುಲ ಅಗಲ, ಏಳು ಅಂಗುಲ ಉದ್ದದ ಗುಂಡಿ ಬಾಯ್ತೆರೆದಿತ್ತು. ಉಕ್ಕನ್ನು ಪೂರ್ತಿ ತಿಂದು ತಳ ಮುಟ್ಟಿದ್ದ ಗುಂಡಿ. ತಳದಲ್ಲಿ ಉಳಿದಿದ್ದದ್ದು ತುಕ್ಕು ಹಿಡಿಯದಿರಲೆಂದು ಒಳಮೈಗೆ ಹಚ್ಚಿದ ಸ್ಟೇನ್‌ಲೆಸ್ ಸ್ಟೀಲಿನ ತೆಳು ಪದರ ಮಾತ್ರ. ಅದರ ದಪ್ಪ ಅಂಗುಲದ ಮೂರನೇ ಒಂದು ಭಾಗವೂ ಇರಲಿಲ್ಲ. ವಾತಾವರಣದ ಒತ್ತಡದ ಸುಮಾರು 150 ಪಟ್ಟು ಒತ್ತಡದಲ್ಲಿದ್ದ ಬಿಸಿನೀರನ್ನು ಆ ಜಾಗದಲ್ಲಿ ಆ ಪದರವೊಂದೇ ತಡೆದು ಹಿಡಿದಿತ್ತು. ಪದರ ಹೊರಕ್ಕೆ ಉಬ್ಬಿತ್ತು. ಮುಂದೆ ಪ್ರಯೋಗಾಲಯದಲ್ಲಿ ನೋಡಿದಾಗ ಅದರಲ್ಲೂ ಬಿರುಕುಗಳು ಕಂಡವು. ಒತ್ತಡ ತಾಳಲೆಂದು ಮಾಡಿದ ಪದರವೇ ಅದಲ್ಲ.

ಯಾರೂ ಸಾಯಲಿಲ್ಲ. ವಿಕಿರಣ ಹೊರಗೆ ಹರಡಲಿಲ್ಲ. ಆದ್ದರಿಂದಲೇ ಈ ಹೆಸರು ಚೆರ್ನೋಬಿಲ್, ಫುಕುಶಿಮಾಗಳ ಸಾಲಿನಲ್ಲಿ ಕೇಳಿಬರುವುದಿಲ್ಲ. ಆದರೆ ಸರ್ಕಾರಿ ನಿಯಂತ್ರಕರು ಪರಮಾಣು ಸ್ಥಾವರವೊಂದನ್ನು ಹೇಗೆ ಕಾಯುತ್ತಾರೆ, ಆ ಕಾವಲು ಎಲ್ಲಿ ಸೋಲುತ್ತದೆ ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಇಲ್ಲಿ ನಿಯಮಗಳಿದ್ದವು, ತಪಾಸಕರಿದ್ದರು, ಎಚ್ಚರಿಕೆಯ ಪತ್ರವೂ ಹೋಗಿತ್ತು. ಸ್ಥಾವರ ಮುಚ್ಚಿಸುವ ಆದೇಶದ ಕರಡು ಕೂಡ ಸಿದ್ಧವಾಗಿತ್ತು.

ಆಮ್ಲ ಮತ್ತು ಉಕ್ಕು

ಡೇವಿಸ್-ಬೆಸ್ಸಿ ಒತ್ತಡದ ನೀರಿನ ರಿಯಾಕ್ಟರ್. ಬಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ವಿನ್ಯಾಸ, 1978ರಿಂದ ವಾಣಿಜ್ಯ ಉತ್ಪಾದನೆ. ಇಂತಹ ರಿಯಾಕ್ಟರಿನಲ್ಲಿ ಇಂಧನವನ್ನು ತಂಪಾಗಿಡುವ ನೀರಿಗೆ ಬೋರಿಕ್ ಆಮ್ಲ ಬೆರೆಸಿರುತ್ತಾರೆ. ಬೋರಾನ್ ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವುದರಿಂದ ಪರಮಾಣು ಕ್ರಿಯೆ ಹತೋಟಿಯಲ್ಲಿರುತ್ತದೆ. ಕೊಳವೆಯೊಳಗೆ ಇರುವವರೆಗೆ ಈ ನೀರಿನಿಂದ ತೊಂದರೆಯಿಲ್ಲ. ಹೊರಗೆ ಸೋರಿದರೆ ನೀರು ಆವಿಯಾಗಿ ಹೋಗುತ್ತದೆ, ಆಮ್ಲ ಉಳಿಯುತ್ತದೆ. ಒದ್ದೆಯಾಗಿ ಸಾಂದ್ರವಾದ ಆ ಆಮ್ಲ ಸಾದಾ ಉಕ್ಕನ್ನು ಬೇಗ ತಿನ್ನುತ್ತದೆ.

ಇದು ಹೊಸ ಸಂಗತಿಯೇನಲ್ಲ. 1987ರಲ್ಲಿ ಫ್ಲೋರಿಡಾದ ಟರ್ಕಿ ಪಾಯಿಂಟ್, ನ್ಯೂಜೆರ್ಸಿಯ ಸೇಲಂ ಸ್ಥಾವರಗಳ ಮುಚ್ಚಳದ ಮೇಲೆ ಇಂತಹ ತುಕ್ಕು ಕಂಡಿತ್ತು. 1988ರಲ್ಲೇ ಎಲ್ಲ ಸ್ಥಾವರಗಳಿಗೂ ಬೋರಿಕ್ ಆಮ್ಲದ ತುಕ್ಕಿನ ಬಗ್ಗೆ ನಿಗಾ ಇಡಿ, ಅದಕ್ಕೊಂದು ಕಾರ್ಯಕ್ರಮ ಮಾಡಿಕೊಳ್ಳಿ ಎಂದು ನಿಯಂತ್ರಕರಿಂದ ಸುತ್ತೋಲೆ ಹೋಗಿತ್ತು. 1991ರಲ್ಲಿ ಫ್ರಾನ್ಸಿನ ಬ್ಯೂಜೆ ಸ್ಥಾವರದಲ್ಲಿ ನಳಿಕೆಯೇ ಬಿರುಕು ಬಿಟ್ಟು ಸೋರಿದ್ದು ಕೂಡ ಜಗತ್ತಿಗೆ ಗೊತ್ತಿತ್ತು. ನಿಯಂತ್ರಣ ಸರಳುಗಳು ಮೇಲೆ ಕೆಳಗೆ ಓಡಾಡುವುದು ಈ ನಳಿಕೆಗಳ ಮೂಲಕ. ಅವನ್ನು ಅಲಾಯ್ 600 ಎಂಬ ನಿಕ್ಕಲ್ ಮಿಶ್ರಲೋಹದಿಂದ ಮಾಡುತ್ತಿದ್ದರು. ಬಿಸಿನೀರಿನಲ್ಲಿ ವರ್ಷಗಟ್ಟಲೆ ಒತ್ತಡದಲ್ಲಿದ್ದರೆ ಈ ಲೋಹ ಬಿರುಕು ಬಿಡುತ್ತದೆ.

ನಳಿಕೆ ಬಿರುಕು ಬಿಡುತ್ತದೆ ಎಂಬುದು ಒಂದು ಕಡತದಲ್ಲಿತ್ತು, ಆಮ್ಲ ಉಕ್ಕನ್ನು ತಿನ್ನುತ್ತದೆ ಎಂಬುದು ಇನ್ನೊಂದು ಕಡತದಲ್ಲಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದ್ದರೆ ಮೂರನೇ ನಳಿಕೆಯ ಗುಂಡಿಯನ್ನು ಕಾಗದದ ಮೇಲೆಯೇ ಊಹಿಸಬಹುದಿತ್ತು. ಆದರೆ ಮುಚ್ಚಳ ಅಷ್ಟು ಬಿಸಿಯಾಗಿರುವಾಗ ಆಮ್ಲ ಒಣಗಿ ಪುಡಿಯಾಗುತ್ತದೆ, ಒಣ ಪುಡಿ ಉಕ್ಕನ್ನು ಏನೂ ಮಾಡದು ಎಂಬ ನಂಬಿಕೆ ಸ್ಥಾವರ ನಡೆಸುತ್ತಿದ್ದ ಕಂಪನಿಯಲ್ಲೂ ಇತ್ತು, ನಿಯಂತ್ರಕರಲ್ಲೂ ಇತ್ತು.

ಕಾವಲಿನ ವ್ಯವಸ್ಥೆ

ಅಮೆರಿಕದಲ್ಲಿ ಈ ಕಾವಲು ಪರಮಾಣು ನಿಯಂತ್ರಣ ಆಯೋಗದ್ದು, ಅಂದರೆ ಎನ್‌ಆರ್‌ಸಿಯದು. ಮೊದಲು ಅಣುಶಕ್ತಿಯನ್ನು ಬೆಳೆಸುವುದೂ ಅದನ್ನು ನಿಯಂತ್ರಿಸುವುದೂ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಅದು ಸರಿಯಲ್ಲವೆಂದು 1974ರ ಕಾನೂನಿನ ಮೂಲಕ ಬೇರ್ಪಡಿಸಿ, 1975ರಲ್ಲಿ ಎನ್‌ಆರ್‌ಸಿ ಶುರುವಾಯಿತು. ಕೇಂದ್ರ ಕಚೇರಿ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ. ಪ್ರಾದೇಶಿಕ ಕಚೇರಿಗಳು ಬೇರೆ. ಇವುಗಳ ಜೊತೆಗೆ ಪ್ರತಿ ಸ್ಥಾವರದಲ್ಲೂ ರೆಸಿಡೆಂಟ್ ಇನ್‌ಸ್ಪೆಕ್ಟರ್‌ಗಳಿರುತ್ತಾರೆ. ಇವರು ಸ್ಥಾವರದ ಆವರಣದಲ್ಲೇ ಕಚೇರಿ ಇಟ್ಟುಕೊಂಡು, ದಿನವೂ ಕಂಟ್ರೋಲ್ ರೂಮಿಗೆ ಹೋಗಿ ಬರುವ, ಯಾವ ಬಾಗಿಲನ್ನಾದರೂ ತೆರೆಸಿ ನೋಡುವ ಅಧಿಕಾರವಿರುವ ಸರ್ಕಾರಿ ತಪಾಸಕರು.

ಆದರೆ ಸ್ಥಾವರದ ಸಾವಿರಾರು ಕವಾಟ, ಪಂಪು, ಬೆಸುಗೆಗಳನ್ನು ಇಬ್ಬರು ಮೂವರು ತಪಾಸಕರು ಒಂದೊಂದಾಗಿ ನೋಡಲು ಸಾಧ್ಯವಿಲ್ಲ. ಕಾನೂನು ಅದನ್ನು ಅಪೇಕ್ಷಿಸುವುದೂ ಇಲ್ಲ. ಸುರಕ್ಷತೆಯ ಮೊದಲ ಹೊಣೆ ಪರವಾನಗಿ ಪಡೆದ ಕಂಪನಿಯದ್ದು. ನಿಯಂತ್ರಕರು ಅಲ್ಲೊಂದು ಇಲ್ಲೊಂದು ಆರಿಸಿ ನೋಡುತ್ತಾರೆ, ಉಳಿದದ್ದಕ್ಕೆ ಕಂಪನಿಯ ದಾಖಲೆಗಳನ್ನು ನಂಬುತ್ತಾರೆ. ಆ ನಂಬಿಕೆ ಪೊಳ್ಳಾಗದಿರಲು ಒಂದು ನಿಯಮವಿದೆ: ಆಯೋಗಕ್ಕೆ ಕೊಡುವ ಪ್ರತಿಯೊಂದು ಮಾಹಿತಿಯೂ ಪೂರ್ಣವಾಗಿರಬೇಕು, ನಿಖರವಾಗಿರಬೇಕು. ಇಡೀ ವ್ಯವಸ್ಥೆ ಈ ಒಂದು ನಿಯಮದ ಮೇಲೆ ನಿಂತಿದೆ ಎಂದರೆ ಹೆಚ್ಚಿನ ಮಾತಾಗದು.

ಇದರ ಮೇಲೆ ಸ್ಥಾವರದ ಪರವಾನಗಿಯಲ್ಲೇ ಬರೆದ ಮಿತಿಗಳಿರುತ್ತವೆ. ರಿಯಾಕ್ಟರಿನ ನೀರು ಎಲ್ಲಿಂದ ಹೋಗುತ್ತಿದೆ ಎಂದು ಗೊತ್ತಾಗದ ಸೋರಿಕೆ ನಿಮಿಷಕ್ಕೆ ಒಂದು ಗ್ಯಾಲನ್ ಮೀರುವಂತಿಲ್ಲ. ಆದರೆ ಒತ್ತಡ ತಡೆಯುವ ಲೋಹದ ಗೋಡೆಯ ಮೂಲಕವೇ ಆಗುವ ಸೋರಿಕೆಯಾದರೆ ಒಂದು ಹನಿಗೂ ಅನುಮತಿಯಿಲ್ಲ. ಡೇವಿಸ್-ಬೆಸ್ಸಿಯಲ್ಲಿ ಮೂಲ ಗೊತ್ತಿಲ್ಲದ ಸೋರಿಕೆ ಕೆಲವು ವರ್ಷಗಳಲ್ಲಿ ಏರಿ ನಿಮಿಷಕ್ಕೆ ಸುಮಾರು 0.2 ಗ್ಯಾಲನ್ ಆಗಿತ್ತು. ಮಿತಿಯ ಐದನೇ ಒಂದು ಪಾಲು. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಿಂದ ಎಂದು ಗೊತ್ತಿಲ್ಲದ ನೀರು ಯಾವ ಮಿತಿಗೆ ಸೇರಬೇಕು, ಒಂದು ಗ್ಯಾಲನ್ನಿನದಕ್ಕೋ ಸೊನ್ನೆಯದಕ್ಕೋ ಎಂದು ಕೇಳಿದ್ದರೆ ಮೂಲವನ್ನು ಹುಡುಕಲೇಬೇಕಾಗುತ್ತಿತ್ತು.

2000ದ ಏಪ್ರಿಲ್‌ನಿಂದ ಎನ್‌ಆರ್‌ಸಿ ಬಣ್ಣಗಳ ಪದ್ಧತಿ ತಂದಿತ್ತು. ಹಸಿರು, ಬಿಳಿ, ಹಳದಿ, ಕೆಂಪು. ಹಸಿರು ಎಂದರೆ ಚಿಂತೆಯಿಲ್ಲ. ಡೇವಿಸ್-ಬೆಸ್ಸಿ ಹಸಿರಾಗಿತ್ತು. ಒಳ್ಳೆಯ ಸ್ಥಾವರವೆಂಬ ಹೆಸರಿದ್ದದ್ದಕ್ಕೇ ಪ್ರಾದೇಶಿಕ ಕಚೇರಿಯ ಗಮನ ತೊಂದರೆಯಲ್ಲಿದ್ದ ಬೇರೆ ಸ್ಥಾವರಗಳ ಕಡೆ ಹೆಚ್ಚು ಹರಿದಿತ್ತು.

ಫಿಲ್ಟರಿನಲ್ಲಿ ತುಕ್ಕು

ಆ ಹಸಿರಿನ ಅಡಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ರಿಯಾಕ್ಟರ್ ಇರುವ ಕಟ್ಟಡದೊಳಗಿನ ಗಾಳಿಯಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುವ ಉಪಕರಣಗಳಿಗೆ ಫಿಲ್ಟರ್ ಇರುತ್ತದೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. 1999ರಿಂದ ಡೇವಿಸ್-ಬೆಸ್ಸಿಯಲ್ಲಿ ಆ ಫಿಲ್ಟರುಗಳು ಕಟ್ಟಿಕೊಳ್ಳತೊಡಗಿದವು. ಕೊನೆಕೊನೆಗೆ ಒಂದು ದಿನ, ಎರಡು ದಿನಕ್ಕೊಮ್ಮೆ ಬದಲಿಸುವ ಸ್ಥಿತಿ ಬಂತು. ತೆಗೆದ ಫಿಲ್ಟರಿನಲ್ಲಿ ಬೋರಿಕ್ ಆಮ್ಲದ ಬಿಳಿಯ ಜೊತೆಗೆ ಕಂದು ಬಣ್ಣವಿತ್ತು. ಆ ಕಂದನ್ನು ಪರೀಕ್ಷೆಗೆ ಕಳಿಸಿದರು. ಕಬ್ಬಿಣದ ತುಕ್ಕಿನ ಅತಿ ಸಣ್ಣ ಕಣಗಳು, ಎಲ್ಲೋ ಆವಿ ಸೋರುತ್ತಿರಬಹುದು ಎಂಬ ಉತ್ತರ ಬಂತು. ಸೋರಿಕೆ ಪತ್ತೆಯಾಗಲಿಲ್ಲ. ಗಾಳಿಯಿಂದ ಕಣಗಳನ್ನು ಹಿಡಿಯಲು ಇನ್ನಷ್ಟು ದೊಡ್ಡ ಫಿಲ್ಟರುಗಳನ್ನು ತಂದು ಕಟ್ಟಡದೊಳಗೆ ಇಟ್ಟರು.

ಗಾಳಿಯನ್ನು ತಂಪು ಮಾಡುವ ಕೂಲರ್‌ಗಳ ರೆಕ್ಕೆಗಳಿಗೂ ಆಮ್ಲ ಮೆತ್ತಿಕೊಳ್ಳುತ್ತಿತ್ತು. ಮತ್ತೆ ಮತ್ತೆ ತೊಳೆದರು. ತೊಳೆಯುವುದೇ ಒಂದು ದಿನಚರಿಯಾಯಿತು. ಒಂದು ಲಕ್ಷಣವನ್ನು ಪದೇ ಪದೇ ಒರೆಸಿ ಹಾಕುತ್ತಾ ಹೋದರೆ ಅದು ಲಕ್ಷಣವೆಂಬುದೇ ಮರೆತುಹೋಗುತ್ತದೆ. ಇದು ಆ ಸ್ಥಾವರದ ಸಿಬ್ಬಂದಿಗಷ್ಟೇ ಅಂಟಿದ ಜಾಡ್ಯವಲ್ಲ. ಅದೇ ಕಟ್ಟಡದಲ್ಲಿ ಓಡಾಡುತ್ತಿದ್ದ ಸರ್ಕಾರಿ ತಪಾಸಕರಿಗೂ ಫಿಲ್ಟರಿನ ವಿಷಯ, ಕೂಲರಿನ ವಿಷಯ ಗೊತ್ತಿತ್ತು.

ಮುಚ್ಚಳದ ಮೇಲೇನಿದೆ ಎಂದು ನೋಡುವುದು ಸುಲಭವಿರಲಿಲ್ಲ. ಮುಚ್ಚಳದ ಮೇಲೆ ಶಾಖನಿರೋಧಕ ಹೊದಿಕೆ, ಸುತ್ತ ಉಕ್ಕಿನ ಗೋಡೆ. ಗೋಡೆಯ ಬುಡದಲ್ಲಿ ಐದು ಅಂಗುಲಕ್ಕೆ ಏಳು ಅಂಗುಲದ ಸಣ್ಣ ಕಿಂಡಿಗಳು. ಇಲಿಬಿಲ ಎಂದೇ ಅವಕ್ಕೆ ಅಡ್ಡಹೆಸರು. ಕೋಲಿನ ತುದಿಗೆ ಕ್ಯಾಮರಾ ಕಟ್ಟಿ ಆ ಕಿಂಡಿಯಿಂದ ತೂರಿಸಿದರೆ ಅಂಚಿನ ನಳಿಕೆಗಳು ಕಾಣುತ್ತವೆ, ನಡುವಿನವು ಸರಿಯಾಗಿ ಕಾಣುವುದಿಲ್ಲ. ಒಂದು, ಎರಡು, ಮೂರನೇ ನಂಬರಿನ ನಳಿಕೆಗಳಿರುವುದು ನಡುವಿನಲ್ಲೇ. ಗೋಡೆ ಕೊರೆದು ದೊಡ್ಡ ಬಾಗಿಲು ಮಾಡಬೇಕೆಂಬ ಪ್ರಸ್ತಾಪ 1990ರಲ್ಲೇ ಬಂದಿತ್ತು. ಅದನ್ನು ಮುಂದೂಡುತ್ತಲೇ ಬಂದರು.

2000ದ ಏಪ್ರಿಲ್‌ನಲ್ಲಿ ಇಂಧನ ಬದಲಾವಣೆಗೆಂದು ಸ್ಥಾವರ ನಿಲ್ಲಿಸಿದಾಗ ತೆಗೆದ ಒಂದು ಫೋಟೋ ಇದೆ. ಇಲಿಬಿಲಗಳಿಂದ ಕೆಂಪು ಕಂದು ಬಣ್ಣದ ಗಟ್ಟಿ ಹೊಳೆ ಹೊರಗೆ ಹರಿದು, ಮುಚ್ಚಳದ ಬೋಲ್ಟುಗಳವರೆಗೆ ಇಳಿದು ಹೆಪ್ಪುಗಟ್ಟಿರುವ ಚಿತ್ರ. ಬೋರಿಕ್ ಆಮ್ಲ ತಾನಾಗಿ ಬಿಳಿ. ಅದಕ್ಕೆ ಕೆಂಪು ಬರಬೇಕಾದರೆ ಕಬ್ಬಿಣ ಕರಗಿ ಸೇರಿರಬೇಕು. ಆ ಗಟ್ಟಿಯನ್ನು ಹಾರೆಕೋಲಿನಿಂದ ಒಡೆದು, ಬಿಸಿನೀರು ಹಾಯಿಸಿ ತೊಳೆದರು. ಪೂರ್ತಿ ಹೋಗಲಿಲ್ಲ. ಹಾಗೇ ಬಿಟ್ಟು ಸ್ಥಾವರ ಮತ್ತೆ ಚಾಲೂ ಮಾಡಿದರು. ಕೆಲಸದ ದಾಖಲೆಯಲ್ಲಿ ಮಾತ್ರ ಸ್ವಚ್ಛಗೊಳಿಸುವ ಕೆಲಸ ಪೂರ್ಣವಾಯಿತು ಎಂದಿತ್ತು. ಮೇಲಿನ ಚಾಚುಗಳ ಕೀಲುಗಳಿಂದ ಸೋರಿದ ನೀರು ಇದು ಎಂಬ ವಿವರಣೆ ಕೈಗೆ ಸಿದ್ಧವಾಗಿತ್ತು. ಈ ವಿನ್ಯಾಸದ ಸ್ಥಾವರಗಳಲ್ಲಿ ಅಂತಹ ಸೋರಿಕೆ ನಿಜಕ್ಕೂ ಆಗುತ್ತಿತ್ತು. ಅರ್ಧ ನಿಜವಿದ್ದ ಆ ವಿವರಣೆ ಉಳಿದರ್ಧವನ್ನು ಮುಚ್ಚಿಹಾಕಿತು.

ಆ ಫೋಟೋ ಕಂಪನಿಯ ಆಂತರಿಕ ವರದಿಗೆ ಲಗತ್ತಾಗಿತ್ತು. ಎನ್‌ಆರ್‌ಸಿಯ ಸ್ಥಳೀಯ ತಪಾಸಕರ ಕೈಗೆ ಎಟಕುವಂತಿದ್ದ ವರದಿ ಅದು. ಅದರ ಗಂಭೀರತೆ ಯಾರಿಗೂ ಹೊಳೆಯಲಿಲ್ಲ, ರಾಕ್‌ವಿಲ್‌ನಲ್ಲಿ ನಿರ್ಧಾರ ಮಾಡಬೇಕಾದವರ ಮೇಜಿಗೆ ಅದು ಹೋಗಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಗುಂಡಿಯಲ್ಲ, ಈ ಫೋಟೋ.

ಮೂರು ತಿಂಗಳ ಚೌಕಾಸಿ

2001ರ ಆರಂಭದಲ್ಲಿ ದಕ್ಷಿಣ ಕೆರೊಲೈನಾದ ಓಕೋನಿ ಸ್ಥಾವರದಲ್ಲಿ ಬೇರೆಯದೇ ರೀತಿಯ ಬಿರುಕು ಸಿಕ್ಕಿತು. ಅದುವರೆಗೆ ಕಂಡಿದ್ದವು ನಳಿಕೆಯ ಉದ್ದಕ್ಕೆ ಹೋಗುವ ಸೀಳುಗಳು. ಇದು ನಳಿಕೆಯನ್ನು ಸುತ್ತುವ ಬಿರುಕು. ಅದು ಪೂರ್ತಿ ಸುತ್ತಿದರೆ ನಳಿಕೆ ಬಿರಡೆಯಂತೆ ಹಾರಿಹೋಗುತ್ತದೆ, ಆ ತೂತಿನಿಂದ ರಿಯಾಕ್ಟರಿನ ನೀರು ನುಗ್ಗುತ್ತದೆ. ಎನ್‌ಆರ್‌ಸಿ ತಡಮಾಡಲಿಲ್ಲ. 2001ರ ಆಗಸ್ಟ್ 3ರಂದು ಎಲ್ಲ ಒತ್ತಡದ ನೀರಿನ ರಿಯಾಕ್ಟರುಗಳಿಗೆ ಬುಲೆಟಿನ್ ಕಳಿಸಿತು. ಬಿರುಕಿನ ಅಪಾಯ ಹೆಚ್ಚಿರುವ ಸ್ಥಾವರಗಳು ಡಿಸೆಂಬರ್ 31ರೊಳಗೆ ನಳಿಕೆಗಳನ್ನು ತಪಾಸಣೆ ಮಾಡಬೇಕು, ಇಲ್ಲವೇ ಏಕೆ ಬೇಡವೆಂದು ಸಮರ್ಥಿಸಬೇಕು.

ಡೇವಿಸ್-ಬೆಸ್ಸಿ ಅಪಾಯ ಹೆಚ್ಚಿರುವ ಪಟ್ಟಿಯಲ್ಲಿತ್ತು. ಅದೇ ವಿನ್ಯಾಸದ ಬೇರೆ ಸ್ಥಾವರಗಳು ತಪಾಸಣೆ ಮಾಡಿದಲ್ಲೆಲ್ಲ ಬಿರುಕು ಕಂಡಿದ್ದವು. ಆದರೂ ಅದನ್ನು ನಡೆಸುತ್ತಿದ್ದ ಫಸ್ಟ್‌ಎನರ್ಜಿ ಕಂಪನಿ 2002ರ ಮಾರ್ಚ್ 30ರವರೆಗೆ ಕಾಯಲು ಅನುಮತಿ ಕೇಳಿತು. ಅಂದು ಇಂಧನ ಬದಲಾವಣೆಗೆ ಹೇಗಿದ್ದರೂ ಸ್ಥಾವರ ನಿಲ್ಲುತ್ತದೆ. ಅದಕ್ಕಿಂತ ಮೊದಲು ನಿಲ್ಲಿಸಿದರೆ ನಷ್ಟ. ಹಿಂದಿನ ಮೂರು ಬಾರಿ ನಿಲ್ಲಿಸಿದಾಗ ಮುಚ್ಚಳವನ್ನು ನೋಡಿದ್ದೇವೆ ಎಂದು ಕಂಪನಿ ಉತ್ತರ ಬರೆಯಿತು. ಆಮ್ಲದ ರಾಶಿಯಿಂದಾಗಿ ಎಷ್ಟು ನಳಿಕೆಗಳು ಕಂಡೇ ಇರಲಿಲ್ಲ, ಮುಚ್ಚಳ ಪೂರ್ತಿ ಸ್ವಚ್ಛವಾಗಿರಲೇ ಇಲ್ಲ ಎಂಬುದನ್ನು ಆ ಉತ್ತರ ನೆಟ್ಟಗೆ ಹೇಳಲಿಲ್ಲ. ಪೂರ್ಣ ಮತ್ತು ನಿಖರ ಎಂಬ ಆ ಒಂದು ನಿಯಮ ಮುರಿದದ್ದು ಇಲ್ಲಿ.

ಎನ್‌ಆರ್‌ಸಿಯ ತಾಂತ್ರಿಕ ಸಿಬ್ಬಂದಿಗೆ ಸಮಾಧಾನವಾಗಲಿಲ್ಲ. ನವೆಂಬರ್‌ನಲ್ಲಿ ಅವರು ಡಿಸೆಂಬರ್ 31ರೊಳಗೆ ಸ್ಥಾವರ ಮುಚ್ಚಬೇಕೆಂಬ ಆದೇಶದ ಕರಡು ತಯಾರಿಸಿದರು. ಇದು ಸಣ್ಣ ವಿಷಯವಲ್ಲ. 1987ರಲ್ಲಿ ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಪರೇಟರುಗಳು ನಿದ್ದೆ ಮಾಡುತ್ತಿದ್ದಾರೆಂದು ಗೊತ್ತಾದಾಗ ಎನ್‌ಆರ್‌ಸಿ ಮುಚ್ಚುವ ಆದೇಶ ಹೊರಡಿಸಿತ್ತು. ಅಂತಹ ಆದೇಶ ಬಲು ಅಪರೂಪ.

ನಂತರ ನಡೆದದ್ದು ಮಾತುಕತೆ. ಕಂಪನಿಯವರು ರಾಕ್‌ವಿಲ್‌ಗೆ ಬಂದರು, ಲೆಕ್ಕಗಳನ್ನು ಮುಂದಿಟ್ಟರು, ಮತ್ತೆ ಬಂದರು. ನವೆಂಬರ್ ಕೊನೆಗೆ ನಡುವಿನ ಒಂದು ದಿನ ಹೊರಬಿತ್ತು: 2002ರ ಫೆಬ್ರವರಿ 16. ಅಲ್ಲಿಯವರೆಗೆ ಮುನ್ನೆಚ್ಚರಿಕೆಯಾಗಿ ರಿಯಾಕ್ಟರಿನ ಉಷ್ಣಾಂಶವನ್ನು ಸ್ವಲ್ಪ ಇಳಿಸುತ್ತೇವೆ, ಬದಲಿ ಸುರಕ್ಷಾ ವ್ಯವಸ್ಥೆಗಳನ್ನು ದುರಸ್ತಿಗೆಂದು ಬಿಚ್ಚುವುದಿಲ್ಲ, ಒಂದು ವೇಳೆ ನೀರು ಸೋರಿಹೋದರೆ ಕಟ್ಟಡದ ತಳದ ಗುಂಡಿಯಲ್ಲಿ ಸೇರುವ ನೀರನ್ನೇ ಪಂಪ್ ಮಾಡಿ ಮತ್ತೆ ರಿಯಾಕ್ಟರಿಗೆ ಹಾಯಿಸಲು ಒಬ್ಬ ಆಪರೇಟರನ್ನು ಅದಕ್ಕೆಂದೇ ನಿಲ್ಲಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತು. ಎನ್‌ಆರ್‌ಸಿ ಒಪ್ಪಿತು. ಕರಡು ಆದೇಶ ಕರಡಾಗಿಯೇ ಉಳಿಯಿತು.

ಕೊನೆಯ ಆ ಭರವಸೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಸ್ಥಾವರ ನಿಂತು ಎಲ್ಲವನ್ನೂ ಪರೀಕ್ಷಿಸಿದಾಗ ಬಯಲಾದ ಸಂಗತಿ: ಆ ತಳದ ಗುಂಡಿಯ ಜಾಲರಿ ತೀರಾ ಚಿಕ್ಕದು, ಅಪಘಾತದಲ್ಲಿ ಕಿತ್ತುಬರುವ ಬಣ್ಣ, ಹೊದಿಕೆಯ ಚೂರುಗಳಿಂದ ಕಟ್ಟಿಕೊಳ್ಳುವ ಸಾಧ್ಯತೆ ಇತ್ತು. ಹೆಚ್ಚು ಒತ್ತಡದಲ್ಲಿ ನೀರು ತಳ್ಳುವ ಪಂಪುಗಳೂ ಅಂತಹ ಕಸ ಸೇರಿದ ನೀರಿನಲ್ಲಿ ಕೆಡುವಂತಿದ್ದವು. ಮುಚ್ಚಳ ಒಡೆದರೆ ಕಾಪಾಡುತ್ತದೆ ಎಂದು ನಿಯಂತ್ರಕರು ಲೆಕ್ಕಕ್ಕೆ ಹಿಡಿದಿದ್ದ ವ್ಯವಸ್ಥೆಯೇ ಗಟ್ಟಿಯಿರಲಿಲ್ಲ.

ಇಲ್ಲಿ ನಿಯಂತ್ರಕರ ತಪ್ಪು ಯಾವುದು? ಕಂಪನಿ ಅವರಿಗೆ ಪೂರ್ತಿ ನಿಜ ಹೇಳಲಿಲ್ಲ, ಅದು ಖಂಡಿತ. ಆದರೆ ಪೂರ್ತಿ ನಿಜ ಗೊತ್ತಿಲ್ಲದೆಯೂ ಅವರ ಮುಂದೆ ಸಾಕಷ್ಟಿತ್ತು. ಈ ಸ್ಥಾವರದ ನಳಿಕೆಗಳನ್ನು ಸರಿಯಾಗಿ ನೋಡಿಲ್ಲ, ಒಂದೇ ಬಗೆಯ ಬೇರೆ ಸ್ಥಾವರಗಳಲ್ಲಿ ಬಿರುಕಿದೆ, ಬಿರುಕು ಒಳಹೊರಗೆ ತೂರಿದ್ದರೆ ಪರವಾನಗಿಯ ಮಿತಿ ಮುರಿದಂತೆ. ಕಾನೂನಿನ ಪ್ರಕಾರ ನಿಯಂತ್ರಕ ಕೇಳಬೇಕಾದ ಪ್ರಶ್ನೆ: ಇದು ಸುರಕ್ಷಿತ ಎಂದು ನಂಬಲು ಸಾಕಷ್ಟು ಆಧಾರ ನನಗಿದೆಯೇ? ಆ ಮೂರು ತಿಂಗಳಲ್ಲಿ ಪ್ರಶ್ನೆ ಮಗುಚಿ ಬಿತ್ತು. ಇದು ಅಪಾಯಕಾರಿ ಎಂದು ಸಾಬೀತು ಮಾಡಲು ಆಧಾರವಿದೆಯೇ ಎಂದಾಯಿತು. ನೋಡದೇ ಇರುವ ಜಾಗದಲ್ಲಿ ಅಪಾಯವಿದೆ ಎಂದು ಸಾಬೀತು ಮಾಡುವುದು ಹೇಗೆ? ನೋಡಲು ಸ್ಥಾವರ ನಿಲ್ಲಿಸಬೇಕು, ನಿಲ್ಲಿಸಲು ಸಾಕ್ಷ್ಯ ಬೇಕು, ಸಾಕ್ಷ್ಯ ಸಿಗಬೇಕಾದರೆ ನೋಡಬೇಕು. ಈ ಸುಳಿಯೊಳಗೆ ಸಿಕ್ಕಿಕೊಂಡ ನಿಯಂತ್ರಕ ಸಂಸ್ಥೆ ಕೊನೆಗೆ ಮಾಡುವುದು ಚೌಕಾಸಿಯನ್ನೇ.

ಎನ್‌ಆರ್‌ಸಿಯೊಳಗೇ ಸ್ವತಂತ್ರವಾಗಿ ಕೆಲಸ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2002ರ ಡಿಸೆಂಬರ್ ಕೊನೆಯಲ್ಲಿ ಬರೆದ ವರದಿ ಇದನ್ನೇ ಹೇಳಿತು. ಮುಚ್ಚಿಸಲು ಸಂಪೂರ್ಣ ಪುರಾವೆ ಬೇಕೆಂಬ ಅತಿ ಎತ್ತರದ ಮಟ್ಟವನ್ನು ಸಂಸ್ಥೆ ತನಗೆ ತಾನೇ ಹಾಕಿಕೊಂಡಿತ್ತು, ಕಂಪನಿಗೆ ಆಗುವ ಹಣಕಾಸಿನ ಹೊರೆ ತಗ್ಗಿಸುವ ಇಚ್ಛೆ ಫೆಬ್ರವರಿ 16ರ ನಿರ್ಧಾರದ ಹಿಂದೆ ಬಹುಮಟ್ಟಿಗೆ ಇತ್ತು ಎಂದಿತು. ಎನ್‌ಆರ್‌ಸಿಯ ಆಡಳಿತ ಇದನ್ನು ಒಪ್ಪಲಿಲ್ಲ. ಸುರಕ್ಷತೆಯನ್ನೇ ಮುಂದಿಟ್ಟು ನಿರ್ಧರಿಸಿದ್ದೇವೆ ಎಂದು ವಾದಿಸಿತು. ಆದರೆ ಆ ನಿರ್ಧಾರದ ಆಧಾರವೇನು ಎಂಬ ಬರಹ ಹೊರಬಂದದ್ದು ನಿರ್ಧಾರವಾಗಿ ಸುಮಾರು ಒಂದು ವರ್ಷ ಕಳೆದ ಮೇಲೆ. ಒಂದು ರಿಯಾಕ್ಟರನ್ನು ಓಡಲು ಬಿಡುವುದೋ ಬೇಡವೋ ಎಂಬ ತೀರ್ಮಾನಕ್ಕೆ ಅಂದೇ ಲಿಖಿತ ಕಾರಣ ಇರಲಿಲ್ಲ ಎಂಬುದನ್ನು ನಾನು ಎಷ್ಟು ಬಾರಿ ಓದಿದರೂ ಒಪ್ಪಿಕೊಳ್ಳಲು ಆಗುವುದಿಲ್ಲ.

ಗುಂಡಿ ಕಂಡ ಮೇಲೆ

ಒಪ್ಪಂದದಂತೆ ಫೆಬ್ರವರಿ 16ರಂದು ಸ್ಥಾವರ ನಿಂತಿತು. ಮೂರು ನಳಿಕೆಗಳಲ್ಲಿ ಒಳಹೊರಗೆ ತೂರಿದ ಬಿರುಕುಗಳಿದ್ದವು. ದುರಸ್ತಿಗೆ ಹೊರಟಾಗ ಮೂರನೇ ನಳಿಕೆ ವಾಲಿತು. ಗುಂಡಿಯನ್ನು ಹುಡುಕಿಕೊಂಡು ಹೋದವರು ಯಾರೂ ಇರಲಿಲ್ಲ. ಬಿರುಕು ಹುಡುಕಲು ಹೋದವರಿಗೆ ಅದು ಸಿಕ್ಕಿತು.

ಸೋರಿಕೆ 1990ರ ದಶಕದ ನಡುವಿನಲ್ಲೇ ಶುರುವಾಗಿತ್ತು, ಉಕ್ಕು ಕರಗುವುದು ಕನಿಷ್ಠ ನಾಲ್ಕು ವರ್ಷದಿಂದ ನಡೆದಿತ್ತು ಎಂದು ತನಿಖೆ ಅಂದಾಜಿಸಿತು. ತೆಳು ಪದರ ಇನ್ನೆಷ್ಟು ಕಾಲ ತಾಳುತ್ತಿತ್ತು ಎಂಬುದಕ್ಕೆ ಎನ್‌ಆರ್‌ಸಿಯ ಮುಂದಿನ ಲೆಕ್ಕ ಎರಡರಿಂದ ಹದಿಮೂರು ತಿಂಗಳು ಎಂದಿತು. ಇಂಧನ ಕರಗುವ ಅಪಘಾತದ ಸಾಧ್ಯತೆ ಒಂದು ವರ್ಷದ ಅವಧಿಯಲ್ಲಿ ಸಾವಿರಕ್ಕೆ ಆರರಷ್ಟಿತ್ತು ಎಂದು ಲೆಕ್ಕ ಹಾಕಿದರು. ಕೇಳಲು ಚಿಕ್ಕದೆನಿಸಬಹುದು. 1979ರ ತ್ರೀ ಮೈಲ್ ಐಲ್ಯಾಂಡ್ ಅಪಘಾತದ ನಂತರ ಅಮೆರಿಕದ ಸ್ಥಾವರಗಳಲ್ಲಿ ಕಂಡ ಅತಿ ಗಂಭೀರ ಮುನ್ಸೂಚನೆಗಳಲ್ಲಿ ಇದೂ ಒಂದು.

ಎನ್‌ಆರ್‌ಸಿ ಆಮೇಲೆ ಗಟ್ಟಿಯಾಗಿ ನಿಂತಿತು, ಅದನ್ನು ಹೇಳಲೇಬೇಕು. ವಿಶೇಷ ಮೇಲ್ವಿಚಾರಣಾ ಸಮಿತಿ ರಚಿಸಿ, ಅದರ ಒಪ್ಪಿಗೆಯಿಲ್ಲದೆ ಸ್ಥಾವರ ಚಾಲೂ ಮಾಡುವಂತಿಲ್ಲ ಎಂದಿತು. ಮಿಷಿಗನ್ನಿನ ಮಿಡ್‌ಲ್ಯಾಂಡ್‌ನಲ್ಲಿ ಅರ್ಧಕ್ಕೆ ನಿಂತುಹೋಗಿದ್ದ ಸ್ಥಾವರವೊಂದರ ಬಳಸದ ಮುಚ್ಚಳವನ್ನು ಕೊಂಡು ತಂದು ಜೋಡಿಸಿದರು. ಮುಚ್ಚಳ ಬದಲಾಯಿಸಿದರೆ ಮುಗಿಯಿತು ಎಂದುಕೊಂಡಿದ್ದ ಕಂಪನಿಗೆ ನಿರಾಸೆಯಾಗಿರಬೇಕು. ತಳದ ಗುಂಡಿಯ ಜಾಲರಿಯನ್ನು ಸುಮಾರು 50 ಚದರ ಅಡಿಯಿಂದ 1,200 ಚದರ ಅಡಿಯಷ್ಟಕ್ಕೆ ಹಿಗ್ಗಿಸಬೇಕಾಯಿತು, ಪಂಪುಗಳನ್ನು ಮಾರ್ಪಡಿಸಬೇಕಾಯಿತು. ಉತ್ಪಾದನೆಯನ್ನು ಸುರಕ್ಷತೆಗಿಂತ ಮುಂದಿಟ್ಟ ಆಡಳಿತದ ರೀತಿಯೇ ಪರೀಕ್ಷೆಗೆ ಒಳಗಾಯಿತು. 2003ರಲ್ಲಿ ಗುಂಡಿಯ ಪ್ರಕರಣಕ್ಕೆ ಕೆಂಪು ಬಣ್ಣ ಬಿತ್ತು. ಮರುಚಾಲನೆಗೆ ಅನುಮತಿ ಸಿಕ್ಕಿದ್ದು 2004ರ ಮಾರ್ಚ್ 8ರಂದು, ಸ್ಥಾವರ ನಿಂತು ಎರಡು ವರ್ಷ ಕಳೆದ ಮೇಲೆ. ದುರಸ್ತಿ ಮತ್ತು ಬೇರೆಡೆಯಿಂದ ಕೊಂಡ ವಿದ್ಯುತ್ತಿಗೆ ಕಂಪನಿಗೆ ತಗುಲಿದ ವೆಚ್ಚ ಸುಮಾರು 60 ಕೋಟಿ ಡಾಲರ್. ಆರೇಳು ವಾರ ಮೊದಲೇ ನಿಲ್ಲಿಸಬೇಕಾದ ನಷ್ಟ ತಪ್ಪಿಸಲು ಹೋಗಿ ತೆತ್ತ ಬೆಲೆ ಇದು.

2005ರ ಏಪ್ರಿಲ್‌ನಲ್ಲಿ ಎನ್‌ಆರ್‌ಸಿ ಹಾಕಿದ ದಂಡ 54.5 ಲಕ್ಷ ಡಾಲರ್. ಆ ಸಂಸ್ಥೆ ಅದುವರೆಗೆ ವಿಧಿಸಿದ್ದ ದಂಡಗಳಲ್ಲೇ ದೊಡ್ಡದು. 2006ರ ಜನವರಿಯಲ್ಲಿ ಕಂಪನಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು 2.8 ಕೋಟಿ ಡಾಲರ್ ಕೊಟ್ಟಿತು. ತಪ್ಪು ಮಾಹಿತಿ ಕೊಟ್ಟ ಆರೋಪ ಮೂವರು ವ್ಯಕ್ತಿಗಳ ಮೇಲೂ ಬಂತು. ಇಬ್ಬರು ತಪ್ಪಿತಸ್ಥರೆಂದು ತೀರ್ಪಾಯಿತು, ಒಬ್ಬರು ಖುಲಾಸೆಯಾದರು.

ನಿಯಂತ್ರಕರ ಮನೆಯೊಳಗಿನ ಬದಲಾವಣೆ ಅಷ್ಟು ಸರಳವಾಗಿ ಆಗಲಿಲ್ಲ. ಎನ್‌ಆರ್‌ಸಿಯ ಸ್ವಂತ ಕಾರ್ಯಪಡೆ 2002ರಲ್ಲೇ 51 ಶಿಫಾರಸು ಮಾಡಿತ್ತು, ಅವುಗಳಲ್ಲಿ 49 ಒಪ್ಪಿಗೆಯಾದವು. ತಪಾಸಕರಿಗೆ ಆಮ್ಲದ ತುಕ್ಕಿನ ಬಗ್ಗೆ ತರಬೇತಿ, ಸೋರಿಕೆ ಮಿತಿಯೊಳಗಿದ್ದರೂ ಅದು ಏರುತ್ತಿದೆಯೇ ಎಂದು ಗಮನಿಸುವ ಕ್ರಮ, ಬೇರೆ ದೇಶಗಳ ಅನುಭವವನ್ನು ಕಡತದಿಂದ ಕಡತಕ್ಕೆ ಸೇರಿಸಿ ನೋಡುವ ವ್ಯವಸ್ಥೆ ಬಂದವು. 2003ರ ಫೆಬ್ರವರಿಯಲ್ಲಿ ಎಲ್ಲ ಒತ್ತಡದ ನೀರಿನ ರಿಯಾಕ್ಟರುಗಳ ಮುಚ್ಚಳ ತಪಾಸಣೆಯನ್ನು ಆದೇಶದ ಮೂಲಕ ಕಡ್ಡಾಯ ಮಾಡಿದರು. ಈ ಸಲ ಬುಲೆಟಿನ್ ಅಲ್ಲ, ಆದೇಶ.

ಆದರೆ 2004ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಎರಡು ಸಲಹೆ ಕೊಟ್ಟಾಗ ಎನ್‌ಆರ್‌ಸಿ ಒಪ್ಪಲಿಲ್ಲ. ಸ್ಥಾವರವನ್ನು ಯಾವಾಗ ಮುಚ್ಚಿಸಬೇಕು ಎಂಬುದಕ್ಕೆ ಸ್ಪಷ್ಟ ಮಾರ್ಗಸೂಚಿ ಬರೆಯಿರಿ ಎಂಬುದು ಒಂದು. ಸ್ಥಾವರಗಳೊಳಗಿನ ಸುರಕ್ಷತಾ ಸಂಸ್ಕೃತಿಯನ್ನು ಅಳೆಯುವ ದಾರಿ ಮಾಡಿಕೊಳ್ಳಿ ಎಂಬುದು ಇನ್ನೊಂದು. ಎರಡನೆಯದಕ್ಕೆ 2006ರಲ್ಲಿ ತಪಾಸಣಾ ಪದ್ಧತಿಯೊಳಗೆ ಜಾಗ ಸಿಕ್ಕಿತು, 2011ರಲ್ಲಿ ಅದಕ್ಕೆಂದೇ ನೀತಿಯೊಂದು ಬಂತು. ನನ್ನ ಮಟ್ಟಿಗೆ ಮೊದಲ ಸಲಹೆಯೇ ಹೆಚ್ಚು ಮುಖ್ಯವಾದದ್ದು. ನವೆಂಬರ್‌ನಲ್ಲಿ ಕರಡು ಆದೇಶ ಹಿಡಿದು ಕುಳಿತಿದ್ದ ಸಿಬ್ಬಂದಿಗೆ ಇಂತಿಷ್ಟು ಅನುಮಾನವಿದ್ದರೆ ಮುಚ್ಚಿಸಬಹುದು ಎಂದು ಬರೆದಿಟ್ಟ ಒಂದು ಪುಟವಿದ್ದಿದ್ದರೆ, ಕಂಪನಿಯ ವಾದಗಳ ಎದುರು ಅವರ ಕೈ ಅಷ್ಟು ಸಡಿಲವಾಗುತ್ತಿರಲಿಲ್ಲ.

2010ರಲ್ಲಿ ಇಂಧನ ಬದಲಾವಣೆಗೆ ಡೇವಿಸ್-ಬೆಸ್ಸಿ ನಿಂತಾಗ, ಮಿಡ್‌ಲ್ಯಾಂಡ್‌ನಿಂದ ತಂದ ಮುಚ್ಚಳದ ಹಲವು ನಳಿಕೆಗಳಲ್ಲೂ ಬಿರುಕು ಸಿಕ್ಕಿತು. ಅವೂ ಅಲಾಯ್ 600ರವೇ. ಈ ಬಾರಿ ಮುಚ್ಚಳ ಬರಿದಾಗಿ ಕಾಣುವಂತಿತ್ತು. ಸೋರಿದ ಕಡೆ ಹೊರಟಿದ್ದ ಆಮ್ಲದ ಬಿಳಿ ಹರಳುಗಳು ಚಿಕ್ಕದಿದ್ದಾಗಲೇ ಕಣ್ಣಿಗೆ ಬಿದ್ದವು. ನಳಿಕೆಗಳನ್ನು ಸರಿಪಡಿಸಿದ ಮೇಲೆಯೇ ಸ್ಥಾವರ ಮತ್ತೆ ಚಾಲೂ ಆಯಿತು, ಅದೂ 2011ರ ಅಕ್ಟೋಬರ್ ಒಂದರೊಳಗೆ ನಿಲ್ಲಿಸಿ ಮುಚ್ಚಳ ಬದಲಾಯಿಸುತ್ತೇವೆ ಎಂದು ಎನ್‌ಆರ್‌ಸಿಗೆ ಲಿಖಿತ ಬದ್ಧತೆ ಕೊಟ್ಟ ನಂತರ. ಆ ವರ್ಷ ಬಂದ ಮೂರನೇ ಮುಚ್ಚಳದ ನಳಿಕೆಗಳು ಬಿರುಕನ್ನು ಹೆಚ್ಚು ತಡೆಯುವ ಅಲಾಯ್ 690ರವು.